ಲಖನೌಗೆ ಸಿಕ್ಕ ಊಟದ ಪಟ್ಟ ಹುಬ್ಬಳ್ಳಿ-ಧಾರವಾಡಕ್ಕೆ ಯಾಕಿಲ್ಲ?

2025ರ ಅಕ್ಟೋಬರ್ 31ರಂದು ಯುನೆಸ್ಕೊ ತನ್ನ ಸೃಜನಶೀಲ ನಗರಗಳ ಜಾಲಕ್ಕೆ 58 ಹೊಸ ಊರುಗಳನ್ನು ಸೇರಿಸಿತು. ಭಾರತದಿಂದ ಆ ಸಲ ಸೇರಿದ್ದು ಲಖನೌ ಒಂದೇ. ಅದೂ ಆಹಾರದ ವಿಭಾಗದಲ್ಲಿ. ಇದೇ ವಿಭಾಗದಲ್ಲಿ ಹೈದರಾಬಾದಿಗೆ 2019ರಲ್ಲೇ ಜಾಗ ಸಿಕ್ಕಿತ್ತು. ಮುಂಬೈ ಕೂಡ ಆ ಜಾಲದಲ್ಲಿದೆ, ಆದರೆ ಅದು ಸೇರಿದ್ದು ಸಿನಿಮಾ ವಿಭಾಗದಲ್ಲಿ. ಬೆಂಗಳೂರಿನ ಹೆಸರು ಯಾವ ವಿಭಾಗದಲ್ಲೂ ಇಲ್ಲ.

ಇದನ್ನು ಓದಿದವರಿಗೆ ಗೊಂದಲ ಆಗುವುದು ಸಹಜ. ಇಷ್ಟೊಂದು ಹೋಟೆಲ್ ಇರುವ ಬೆಂಗಳೂರಿಗೆ ಇಲ್ಲದ್ದು ಲಖನೌಗೆ ಹೇಗೆ ಬಂತು? ರುಚಿಯಲ್ಲಿ ಯಾರಿಗೂ ಕಡಿಮೆ ಇಲ್ಲದ ನಮ್ಮ ಹುಬ್ಬಳ್ಳಿ-ಧಾರವಾಡದ ಹೆಸರು ಯಾಕೆ ಎಲ್ಲೂ ಕೇಳುವುದಿಲ್ಲ? ಒಂದು ಕಡೆಯವರು 'ನಮ್ಮಲ್ಲಿ ಒಳ್ಳೆ ರೆಸ್ಟೋರೆಂಟೇ ಇಲ್ಲ, ಅದಕ್ಕೆ' ಎನ್ನುತ್ತಾರೆ. ಇನ್ನೊಂದು ಕಡೆಯವರು 'ನಮ್ಮ ಊಟದ ಬೆಲೆ ಅವರಿಗೆ ಗೊತ್ತಿಲ್ಲ' ಎನ್ನುತ್ತಾರೆ. ಎರಡರಲ್ಲೂ ಸ್ವಲ್ಪ ನಿಜ ಇದೆ. ಆದರೆ ಮುಖ್ಯ ಕಾರಣ ಈ ಎರಡನ್ನೂ ಬಿಟ್ಟು ಬೇರೆ ಕಡೆ ಇದೆ.

ಪಟ್ಟಿಗಳು ಏನನ್ನು ಅಳೆಯುತ್ತವೆ?

ಮೊದಲು ಯುನೆಸ್ಕೊ ವಿಷಯ. 2004ರಲ್ಲಿ ಶುರುವಾದ ಈ ಜಾಲ ಯಾವ ಊರಿನ ಊಟ ಹೆಚ್ಚು ರುಚಿ ಎಂದು ಸ್ಪರ್ಧೆ ನಡೆಸುವುದಿಲ್ಲ. ಊರಿನ ಆಡಳಿತವೇ ಅರ್ಜಿ ಹಾಕಬೇಕು. ನಮ್ಮ ಊಟದ ಪರಂಪರೆ ಇದು, ಇದರಿಂದ ಬದುಕುವವರು ಇವರು, ಮುಂದಿನ 4 ವರ್ಷ ಇಂಥಿಂಥ ಕೆಲಸ ಮಾಡುತ್ತೇವೆ, ಅದಕ್ಕೆ ಇಷ್ಟು ಹಣ ಇಟ್ಟಿದ್ದೇವೆ ಎಂದು ಬರೆದುಕೊಡಬೇಕು. ಕೇಂದ್ರ ಸರ್ಕಾರದ ಕಡೆಯಿಂದ ಒಪ್ಪಿಗೆ ಬೇಕು. ಒಂದು ಸುತ್ತಿನಲ್ಲಿ ಒಂದು ದೇಶದಿಂದ ಎರಡಕ್ಕಿಂತ ಜಾಸ್ತಿ ಅರ್ಜಿ ಹೋಗುವಂತಿಲ್ಲ, ಆ ಎರಡೂ ಬೇರೆ ಬೇರೆ ವಿಭಾಗದವು ಆಗಿರಬೇಕು. ಜಾಲಕ್ಕೆ ಸೇರಿದ ಮೇಲೆ 4 ವರ್ಷಕ್ಕೊಮ್ಮೆ ವರದಿ ಕೊಡಬೇಕು. ಯುನೆಸ್ಕೊ ಹಣ ಕೊಡುವುದಿಲ್ಲ. ಅಂದರೆ ಲಖನೌ ಗೆದ್ದಿದ್ದು ಕಬಾಬಿನ ರುಚಿಯಿಂದಷ್ಟೇ ಅಲ್ಲ, ಅದನ್ನು ಕಾಗದದ ಮೇಲೆ ತಂದು ದಿಲ್ಲಿಯ ತನಕ ಒಯ್ದು ಬೆನ್ನು ಹತ್ತಿದ್ದರಿಂದ.

ಎರಡನೆಯದು 'ಏಷ್ಯಾದ 50 ಅತ್ಯುತ್ತಮ ರೆಸ್ಟೋರೆಂಟ್' ಥರದ ಪಟ್ಟಿ. 2025ರಲ್ಲಿ ಮುಂಬೈನ 'ಮಾಸ್ಕ್' ಇದರಲ್ಲಿ 19ನೇ ಸ್ಥಾನದಲ್ಲಿತ್ತು. ಇಲ್ಲಿ ಮತ ಹಾಕುವವರು ಊರೂರು ಸುತ್ತಿ ತಿನ್ನುವ ಬಾಣಸಿಗರು, ಆಹಾರ ಬರಹಗಾರರು, ಅನುಭವಿ ಗ್ರಾಹಕರು. ಅವರು ಹೋಗದ ಊರಿಗೆ ಮತ ಬೀಳುವುದಿಲ್ಲ, ಅಷ್ಟೇ ವಿಷಯ. ರೆಸ್ಟೋರೆಂಟ್‌ಗಳಿಗೆ ನಕ್ಷತ್ರ ಕೊಡುವ ಮಿಶೆಲಿನ್ ಗೈಡ್ ಅಂತೂ ಇನ್ನೂ ಭಾರತಕ್ಕೇ ಬಂದಿಲ್ಲ.

ಮೂರನೆಯದು ಟೇಸ್ಟ್‌ಅಟ್ಲಾಸ್. ಕ್ರೊಯೇಷಿಯಾದ ಈ ಜಾಲತಾಣ ಪ್ರತಿ ವರ್ಷದ ಕೊನೆಗೆ ಬಿಡುವ ಪಟ್ಟಿಗಳು ವಾಟ್ಸಾಪ್‌ನಲ್ಲಿ ಬೇಗ ಹರಡುತ್ತವೆ. ಅಲ್ಲಿ ಅಂಕ ಕೊಡುವವರು ಅದರ ಓದುಗರು. ಹೆಚ್ಚು ಜನರಿಗೆ ಗೊತ್ತಿರುವ ತಿಂಡಿಗೆ ಹೆಚ್ಚು ಅಂಕ ಬೀಳುವ ಸಾಧ್ಯತೆ ಇದ್ದೇ ಇದೆ. ನಮ್ಮ ಮಂಡಕ್ಕಿ ತಿಂಡಿ ಗಿರ್ಮಿಟ್ ಹೆಸರನ್ನೇ ಕೇಳದವರು ಅದಕ್ಕೆ ಅಂಕ ಕೊಡುವುದು ಹೇಗೆ?

ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು 'ಆ ಊರು ಮುಂದೆ, ನಮ್ಮೂರು ಹಿಂದೆ' ಎಂದು ಹೇಳಿದರೆ ದಾರಿ ತಪ್ಪುತ್ತದೆ. ನಾವು ಕೇಳಬೇಕಾದ್ದು ಬೇರೆ: ನಮ್ಮ ಊರಿನ ಹೋಟೆಲ್ ಲೋಕ ಯಾಕೆ ಈಗ ಇರುವ ಹಾಗೆ ಇದೆ?

ದುಬಾರಿ ಹೋಟೆಲ್‌ನ ಲೆಕ್ಕ

2011ರ ಜನಗಣತಿ ಪ್ರಕಾರ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9.43 ಲಕ್ಷ. ಬೆಂಗಳೂರು ಬಿಟ್ಟರೆ ರಾಜ್ಯದಲ್ಲಿ ದೊಡ್ಡ ಊರು ಇದೇ. ಅದೇ ಗಣತಿಯಲ್ಲಿ ಮುಂಬೈ 1.24 ಕೋಟಿ. ಊಟಕ್ಕೆ ಒಬ್ಬರಿಗೆ ಸಾವಿರಾರು ರೂಪಾಯಿ ತೆಗೆದುಕೊಳ್ಳುವ ರೆಸ್ಟೋರೆಂಟ್‌ಗೆ ದಿನಾ ಬರುವ ಗಿರಾಕಿ ಬೇಡ, ವರ್ಷಕ್ಕೆ ಎರಡು ಸಲ ಬರುವವರು ಸಾಕು. ಆದರೆ ಅಂಥವರು ಸಾವಿರಾರು ಜನ ಬೇಕು. ಮುಂಬೈ, ಬೆಂಗಳೂರಿನಲ್ಲಿ ಕಂಪನಿಗಳ ಖರ್ಚಿನಲ್ಲಿ ಊಟ ಮಾಡುವವರಿದ್ದಾರೆ, ಹೊರದೇಶದ ಪ್ರವಾಸಿಗರಿದ್ದಾರೆ. ಹುಬ್ಬಳ್ಳಿಯಲ್ಲಿ ಹೋಟೆಲ್ ಊಟ ಮಾಡುವವರು ಹೆಚ್ಚಾಗಿ ವ್ಯಾಪಾರಕ್ಕೆ ಬಂದವರು, ಆಸ್ಪತ್ರೆಗೆ ಬಂದ ರೋಗಿಗಳ ಕಡೆಯವರು, ಅಮರಗೋಳದ ಎಪಿಎಂಸಿಗೆ ಬಂದ ರೈತರು. ಧಾರವಾಡದಲ್ಲಿ ವಿದ್ಯಾರ್ಥಿಗಳು, ಹೈಕೋರ್ಟ್ ಪೀಠಕ್ಕೆ ಬಂದ ಕಕ್ಷಿದಾರರು. ಇವರಿಗೆ ಬೇಕಾದ್ದು ಹೊಟ್ಟೆ ತುಂಬುವ, ಬೇಗ ಸಿಗುವ, ಕೈಗೆ ಎಟುಕುವ ಊಟ.

ತೆರಿಗೆಯೂ ಇಲ್ಲಿ ಕೆಲಸ ಮಾಡುತ್ತದೆ. 2017ರ ನವೆಂಬರ್ 15ರಿಂದ ಸಾಮಾನ್ಯ ರೆಸ್ಟೋರೆಂಟ್‌ಗಳಿಗೆ ಜಿಎಸ್‌ಟಿ ಶೇ 5. ಕೇಳಲು ಕಡಿಮೆ. ಆದರೆ ಹೋಟೆಲ್‌ನವರು ಸಾಮಾನು, ಸೇವೆ ಕೊಳ್ಳುವಾಗ ತಾವು ಕಟ್ಟಿದ ತೆರಿಗೆಯನ್ನು ಇದರಲ್ಲಿ ವಜಾ ಮಾಡಿಕೊಳ್ಳುವಂತಿಲ್ಲ. ಕಟ್ಟಡದ ಬಾಡಿಗೆ, ಒಳಾಂಗಣದ ಕೆಲಸ, ಅಡುಗೆಮನೆಯ ಯಂತ್ರಗಳ ಮೇಲೆ ಕಟ್ಟಿದ್ದೆಲ್ಲ ಖರ್ಚಿಗೇ ಸೇರುತ್ತದೆ. ಹೀಗಾಗಿ ಎಷ್ಟು ಜಾಸ್ತಿ ಅಲಂಕಾರವೋ ಅಷ್ಟು ಜಾಸ್ತಿ ಹೊರೆ. ದೊಡ್ಡ ಊರಲ್ಲಿ ಅದನ್ನು ಬಿಲ್ಲಿನ ದರದಲ್ಲಿ, ಬಾರ್‌ನ ಲಾಭದಲ್ಲಿ ಸರಿದೂಗಿಸಬಹುದು. ಇಲ್ಲಿ ಕಷ್ಟ. ಹೂಡಿಕೆದಾರರು ಹುಬ್ಬಳ್ಳಿಗೆ ಬಂದರೂ ಈಗಾಗಲೇ ಹೆಸರಿರುವ ಪಿಜ್ಜಾ, ಬರ್ಗರ್, ಬಿರಿಯಾನಿಯ ಸರಪಳಿ ಅಂಗಡಿಯನ್ನೇ ತರುವುದು ಇದಕ್ಕೇ. ಹೊಸ ಪ್ರಯೋಗಕ್ಕೆ ಕೈ ಹಾಕುವವರು ಕಡಿಮೆ.

ಇಡ್ಲಿ ಊರೂರಿಗೆ ಹೋಯಿತು, ರೊಟ್ಟಿ ಯಾಕೆ ಹೋಗಲಿಲ್ಲ?

ವಿಷಯದ ತಿರುಳು ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಉಡುಪಿ ಹೋಟೆಲ್ ಮುಂಬೈನ ಮಾಟುಂಗಾದಿಂದ ಚೆನ್ನೈವರೆಗೆ ಹರಡಿತು. ಬೆಂಗಳೂರಿನಲ್ಲಿ 1980ರ ದಶಕದಲ್ಲಿ ದರ್ಶಿನಿ ಹುಟ್ಟಿತು: ನಿಂತು ತಿನ್ನು, ಬೇಗ ಹೋಗು. ಈ ಎರಡೂ ಬೆಳೆದಿದ್ದು ರುಚಿಯಿಂದ ಮಾತ್ರ ಅಲ್ಲ. ಇಡ್ಲಿ ಒಂದೇ ಸಲಕ್ಕೆ ನೂರಾರು ಬೇಯುತ್ತದೆ. ಹಿಟ್ಟನ್ನು ಯಂತ್ರ ರುಬ್ಬುತ್ತದೆ. ಒಂದು ಕಡೆ ರುಬ್ಬಿ ನಾಲ್ಕು ಶಾಖೆಗೆ ಕಳಿಸಬಹುದು. ಬಿರಿಯಾನಿಯೂ ಹಾಗೇ. ಒಂದು ದೊಡ್ಡ ಹಂಡೆ ಇಳಿಸಿದರೆ ಐವತ್ತು ಜನರ ಊಟ ಆಯಿತು. ಡಬ್ಬಿಯಲ್ಲಿ ಅರ್ಧ ಗಂಟೆ ಇದ್ದರೂ ಕೆಡುವುದಿಲ್ಲ.

ಈಗ ಜೋಳದ ರೊಟ್ಟಿ ನೋಡಿ. ಗೋಧಿಯಲ್ಲಿರುವ ಗ್ಲುಟೆನ್ ಅಂಟು ಜೋಳದಲ್ಲಿಲ್ಲ. ಅದಕ್ಕೇ ಹಿಟ್ಟಿಗೆ ಕುದಿಯುವ ನೀರು ಹಾಕಿ ನಾದಬೇಕು. ಹಿಟ್ಟು ಹಳತಾದಷ್ಟೂ ರೊಟ್ಟಿ ಅಂಚಲ್ಲಿ ಬಿರಿಯುತ್ತದೆ, ಆದ್ದರಿಂದ ಆಗಾಗ ಬೀಸಿಸಬೇಕು. ಆಮೇಲೆ ಅಂಗೈಯಿಂದ ತಟ್ಟುತ್ತಾ, ತಿರುಗಿಸುತ್ತಾ, ಎಲ್ಲ ಕಡೆ ಒಂದೇ ದಪ್ಪ ಬರುವ ಹಾಗೆ ಬಡಿಯಬೇಕು. ಕಾದ ಹಂಚಿನ ಮೇಲೆ ಹಾಕಿ, ಮೇಲಿನ ಹಿಟ್ಟು ಹೋಗುವ ಹಾಗೆ ಒದ್ದೆ ಬಟ್ಟೆಯಿಂದ ಒರೆಸಿ, ತಿರುವಿ, ಕೊನೆಗೆ ಉರಿಗೆ ಹಿಡಿದರೆ ಅದು ಉಬ್ಬುತ್ತದೆ. ಆ ಕ್ಷಣಕ್ಕೇ ತಟ್ಟೆಗೆ ಬರಬೇಕು. ಇಷ್ಟೂ ಒಂದು ರೊಟ್ಟಿಗೆ. ಊಟಕ್ಕೆ ಕೂತವರಿಗೆ ಬೇಕಾದ್ದು ಎರಡೋ ಮೂರೋ.

ಒಂದು ಖಾನಾವಳಿ ಮಧ್ಯಾಹ್ನ ಎಷ್ಟು ಜನಕ್ಕೆ ಊಟ ಹಾಕಬಲ್ಲದು ಎಂಬುದು ಕುರ್ಚಿಗಳ ಮೇಲೆ ನಿಂತಿಲ್ಲ, ಒಳಗೆ ರೊಟ್ಟಿ ಬಡಿಯುವ ಹೆಂಗಸರು ಎಷ್ಟು ಮಂದಿ ಇದ್ದಾರೆ ಎಂಬುದರ ಮೇಲೆ ನಿಂತಿದೆ. ಈ ಕೈಚಳಕ ಕಲಿಯಲು ವರ್ಷಗಳು ಬೇಕು. ಬೆಂಕಿಯ ಮುಂದೆ ಗಂಟೆಗಟ್ಟಲೆ ಕೂರುವ ಕೆಲಸ, ಭುಜ, ಬೆನ್ನು, ಕಣ್ಣು ಎಲ್ಲಕ್ಕೂ ತ್ರಾಸು. ಇಷ್ಟಾದರೂ ಇವರಿಗೆ ತಂದೂರಿ ಮಾಡುವವರಿಗೆ ಇರುವಂಥ ಹುದ್ದೆಯೂ ಇಲ್ಲ, ಬಡ್ತಿಯೂ ಇಲ್ಲ. ದಿನಗೂಲಿ ಮಾತ್ರ. ಹೊಸ ತಲೆಮಾರಿನವರು ಈ ಕೆಲಸಕ್ಕೆ ಬರದಿದ್ದರೆ ಅವರನ್ನು ದೂರುವುದು ತಪ್ಪು. ರೊಟ್ಟಿ ಯಂತ್ರಗಳು ಬಂದಿವೆ, ಕಟಕ ರೊಟ್ಟಿಗೆ ಅವು ಒಗ್ಗುತ್ತವೆ. ಆದರೆ ಮೆತ್ತನೆ ಬಿಸಿ ರೊಟ್ಟಿಗೆ ಕೈಯೇ ಬೇಕು ಎನ್ನುವವರು ಇನ್ನೂ ಜಾಸ್ತಿ.

ಆ್ಯಪ್ ಮೂಲಕ ಊಟ ತರಿಸುವ ಕಾಲದಲ್ಲಿ ಈ ತೊಂದರೆ ಇನ್ನೂ ಹೆಚ್ಚಿತು. ಬಿಸಿ ರೊಟ್ಟಿಯನ್ನು ಡಬ್ಬಿಗೆ ಹಾಕಿದರೆ ಅದರ ಹಬೆಯಲ್ಲೇ ಅದು ತೊಗಲಿನಂತಾಗುತ್ತದೆ. ಗಿರಾಕಿ ಕಡಿಮೆ ಅಂಕ ಕೊಡುತ್ತಾರೆ. ಅಂಕ ಕಡಿಮೆಯಾದರೆ ಆ ಹೋಟೆಲ್ ಆ್ಯಪ್‌ನ ಪಟ್ಟಿಯಲ್ಲಿ ಕೆಳಗೆ ಇಳಿಯುತ್ತದೆ. ಅದರ ಜಾಗಕ್ಕೆ ಬಿರಿಯಾನಿ, ಫ್ರೈಡ್ ರೈಸ್, ಗೋಬಿ ಬರುತ್ತವೆ. ಮೇಲಿಂದ ಆ್ಯಪ್‌ನವರ ಕಮಿಷನ್. ಇಷ್ಟಾದ ಮೇಲೆ ಹೊರಗಿನಿಂದ ಬಂದವರೊಬ್ಬರು ಫೋನ್ ತೆಗೆದು 'ಹುಬ್ಬಳ್ಳಿಯಲ್ಲಿ ಏನು ಸಿಗುತ್ತದೆ' ಎಂದು ನೋಡಿದರೆ ಕಾಣುವುದು ಬೇರೆ ಯಾವ ಊರಲ್ಲೂ ಸಿಗುವ ಊಟವೇ. ನಮ್ಮ ಊಟ ಇದ್ದೂ ಕಣ್ಣಿಗೆ ಬೀಳದಂತೆ ಆಗಿದ್ದು ಹೀಗೆ.

ಇದಕ್ಕೆ ಎದುರಾಗಿ ಧಾರವಾಡ ಪೇಡೆ ನೋಡಿ. ಉತ್ತರ ಪ್ರದೇಶದ ಉನ್ನಾವೊ ಕಡೆಯಿಂದ ಬಂದ ಠಾಕೂರ್ ಮನೆತನ ಅದನ್ನು ಇಲ್ಲಿ ಶುರು ಮಾಡಿತು. ಉನ್ನಾವೊ ಇರುವುದು ಲಖನೌ ಪಕ್ಕದಲ್ಲೇ. ಇಲ್ಲಿನ ಎಮ್ಮೆ ಹಾಲು, ಅಲ್ಲಿನ ಕೈಗುಣ, ಎರಡೂ ಸೇರಿ ಧಾರವಾಡದ ಲೈನ್ ಬಜಾರಿನ ಹೆಸರಾಯಿತು. ಪೇಡೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಇದು ದೇಶದ ತುಂಬ ಗೊತ್ತಾಗಲು ಕಾರಣ ಸರಳ. ಹಾಲನ್ನು ಗಂಟೆಗಟ್ಟಲೆ ಕಾಯಿಸಿ, ಕಂದು ಬಣ್ಣ ಬರುವ ತನಕ ಹುರಿದಿರುವುದರಿಂದ ಬೇಗ ಕೆಡುವುದಿಲ್ಲ. ಡಬ್ಬಿಯಲ್ಲಿ ರೈಲು ಹತ್ತುತ್ತದೆ. ಗದಗಿನ ಮಿರ್ಚಿ ಭಜಿ ರೈಲು ಹತ್ತುವುದಿಲ್ಲ. ಎಣ್ಣೆಯಿಂದ ತೆಗೆದ ಐದು ನಿಮಿಷದಲ್ಲಿ ಮಂಡಕ್ಕಿ ಜೊತೆ ತಿಂದರೇ ಅದಕ್ಕೆ ಬೆಲೆ.

ಮುಂಬೈ ಖಾನಾವಳಿಗೆ ಏನಾಯಿತು?

ಹುಬ್ಬಳ್ಳಿ-ಧಾರವಾಡ ಮುಂಬೈ ಪ್ರಾಂತ್ಯದಲ್ಲಿದ್ದ ಊರುಗಳು. ಖಾನಾವಳಿ ಈ ಕಡೆಯೂ ಆ ಕಡೆಯೂ ಇತ್ತು. ಇಲ್ಲಿ ಲಿಂಗಾಯತ ಖಾನಾವಳಿಗಳು, ಮಾಂಸದೂಟಕ್ಕೆ ಸಾವಜಿ ಖಾನಾವಳಿಗಳು. ಸಾವಜಿಗಳ ಮೂಲ ಕಸುಬು ನೇಕಾರಿಕೆ, ಗದಗ-ಬೆಟಗೇರಿಯಲ್ಲೂ ಹುಬ್ಬಳ್ಳಿಯಲ್ಲೂ ಅವರ ಮಸಾಲೆಗೆ ಬೇರೆಯದೇ ಹೆಸರು. ಮುಂಬೈನ ಗಿರಣಗಾವ್‌ನಲ್ಲಿ ಬಟ್ಟೆ ಗಿರಣಿ ಕಾರ್ಮಿಕರಿಗೆ ತಿಂಗಳ ಲೆಕ್ಕದಲ್ಲಿ ಊಟ ಹಾಕುತ್ತಿದ್ದವರು ಹೆಚ್ಚಾಗಿ ಹೆಂಗಸರೇ. 1975ರಲ್ಲಿ ಪ್ರೇಮಾ ಪುರವ್ ಅವರು ಈ ಹೆಂಗಸರನ್ನು ಸೇರಿಸಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಬಡ್ಡಿ ಸಾಲದಿಂದ ಬಿಡಿಸಿ ಬ್ಯಾಂಕ್ ಸಾಲ ಕೊಡಿಸಿದರು. 1982ರ ಜನವರಿಯಲ್ಲಿ ಗಿರಣಿ ಮುಷ್ಕರ ಶುರುವಾಯಿತು, ಗಿರಣಿಗಳು ಒಂದೊಂದಾಗಿ ಮುಚ್ಚಿದವು. ದಿನಾ ಬರುವ ಗಿರಾಕಿಯೇ ಹೋದ ಮೇಲೆ ಆ ಖಾನಾವಳಿಗಳಿಗೆ ನೆಲೆ ತಪ್ಪಿತು. ಈಗ ಅದೇ ಗಿರಣಿ ಜಾಗಗಳಲ್ಲಿ ಮಾಲ್‌ಗಳು, ದುಬಾರಿ ರೆಸ್ಟೋರೆಂಟ್‌ಗಳು ಇವೆ.

ಹುಬ್ಬಳ್ಳಿಗೆ ಇದರಿಂದ ತಿಳಿಯುವುದೇನೆಂದರೆ, ಖಾನಾವಳಿ ಉಳಿಯುವುದು ಅದರ ಗಿರಾಕಿ ಉಳಿದರೆ. ಇಲ್ಲಿ ರೈಲ್ವೆ ವರ್ಕ್‌ಶಾಪ್ ಇನ್ನೂ ನಡೆಯುತ್ತಿದೆ, ಮಾರುಕಟ್ಟೆ ನಡೆಯುತ್ತಿದೆ, ಧಾರವಾಡಕ್ಕೆ ಓದಲು ಬರುವವರು ನಿಂತಿಲ್ಲ. ಮುಂಬೈ ಕಳೆದುಕೊಂಡದ್ದು ನಮ್ಮಲ್ಲಿ ಇನ್ನೂ ದಿನನಿತ್ಯದ ಊಟವಾಗಿಯೇ ಉಳಿದಿದೆ. ಹೋಲಿಕೆ ಮಾಡುವಾಗ ಇದನ್ನು ಬಿಟ್ಟುಬಿಡುತ್ತೇವೆ ಅಲ್ವಾ? ರೆಸ್ಟೋರೆಂಟ್ ಎಷ್ಟಿವೆ ಎಂದು ಎಣಿಸುತ್ತೇವೆ. ಸಾಮಾನ್ಯ ದುಡಿಮೆಯವರು ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು, ಝುಣಕ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ, ಮೊಸರು ಇರುವ ತಟ್ಟೆಯನ್ನು ಹೊರಗೆ ಕೊಂಡು ಊಟ ಮಾಡಬಲ್ಲ ಊರುಗಳು ಎಷ್ಟಿವೆ ಎಂದು ಎಣಿಸುವುದಿಲ್ಲ.

ಕೆಂಪು ಬಣ್ಣ ಎಲ್ಲಿಂದ ಬರಬೇಕು?

ನಮ್ಮ ಕಡೆಯ ಕೊರತೆಯನ್ನೂ ಹೇಳಲೇಬೇಕು. 2024ರ ಮಾರ್ಚ್ 11ರಂದು ರಾಜ್ಯ ಸರ್ಕಾರ ಗೋಬಿ ಮಂಚೂರಿ, ಬೊಂಬಾಯಿ ಮಿಠಾಯಿಗಳಲ್ಲಿ ಬಟ್ಟೆಗೆ ಹಾಕುವ ರೋಡಮಿನ್-ಬಿ ಬಣ್ಣ ಬಳಸುವುದನ್ನು ನಿಷೇಧಿಸಿತು. ರಾಜ್ಯದ ತುಂಬ ಪರೀಕ್ಷೆಗೆ ತೆಗೆದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಅದೇ ದಿನ ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿದದ್ದಕ್ಕೆ ರೈತರ ಸಿಟ್ಟು ಸಿಡಿದು ವಾಹನಗಳಿಗೆ ಬೆಂಕಿ ಬಿತ್ತು. ಖಾರ ಕಡಿಮೆ, ಬಣ್ಣ ಜಾಸ್ತಿ ಎಂದೇ ದೇಶದ ತುಂಬ ಹೆಸರಾದ, ಭೌಗೋಳಿಕ ಗುರುತು ಪಡೆದ ಕಾಯಿ ಅದು. ಆ ಬಣ್ಣವನ್ನು ತೆಗೆದು ಮಾರುವ ಉದ್ಯಮವೇ ಇದೆ. ಇಂಥ ಕೆಂಪು ಕೈಯಳತೆಯಲ್ಲಿರುವಾಗ ತಳ್ಳುಗಾಡಿಯವರು ಬಟ್ಟೆಗೆ ಹಾಕುವ ಬಣ್ಣಕ್ಕೆ ಕೈ ಹಾಕಿದ್ದು ಯಾಕೆ? ಚಿಟಿಕೆ ಪುಡಿಯಲ್ಲಿ ಕೆಲಸ ಆಗುತ್ತದೆ, ಅಗ್ಗ, ಅಷ್ಟೇ.

ಬೀದಿಯ ತಿಂಡಿಯನ್ನು ಊರಿನ ಹೆಮ್ಮೆ ಮಾಡಿಕೊಂಡ ಊರು ನೋಡಬೇಕೆಂದರೆ ಲಖನೌಗಿಂತ ಇಂದೋರ್ ನಮಗೆ ಹತ್ತಿರದ ಉದಾಹರಣೆ. ಅದೂ ರಾಜಧಾನಿಯಲ್ಲ, ವ್ಯಾಪಾರದ ಊರು. ಅಲ್ಲಿನ ಸರಾಫಾ ಹಗಲು ಚಿನ್ನ-ಬೆಳ್ಳಿ ಪೇಟೆ, ರಾತ್ರಿ ತಿಂಡಿ ಪೇಟೆ. ಅಲ್ಲಿನದೇ ತಿಂಡಿ ಅಂಗಡಿಗಳ ಸಾಲು ಛಪ್ಪನ್ ದುಕಾನ್‌ಗೆ ಶುಚಿಯಾದ ಬೀದಿ ಆಹಾರ ತಾಣ ಎಂಬ ಪ್ರಮಾಣಪತ್ರ ಸಿಕ್ಕಿದೆ. ನೀರು, ಚರಂಡಿ, ಕಸ, ಬೆಳಕು, ಶೌಚಾಲಯ ಇವನ್ನು ಪಾಲಿಕೆ ನೋಡಿಕೊಂಡಿತು, ತಿಂಡಿಯನ್ನು ಅಂಗಡಿಯವರಿಗೇ ಬಿಟ್ಟಿತು. ದೇಶದಲ್ಲಿ ಇಂಥ 100 ಆಹಾರ ಬೀದಿ ಮಾಡಲು ಕೇಂದ್ರ ಸರ್ಕಾರ 2023ರಲ್ಲಿ ತಲಾ 1 ಕೋಟಿ ರೂಪಾಯಿಯ ಯೋಜನೆ ಪ್ರಕಟಿಸಿತ್ತು. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಸಂಜೆ ಸೇರುವ ಜನ, ಅಲ್ಲಿನ ತಿಂಡಿ, ಸುತ್ತಲಿನ ಪೇಟೆ ಇವೆಲ್ಲ ಇಂದೋರಿಗೆ ಕಡಿಮೆ ಇಲ್ಲ. ಕೈ ತೊಳೆಯಲು ನಲ್ಲಿ, ಕೂರಲು ಜಾಗ, ಗಾಡಿ ನಿಲ್ಲಿಸಲು ವ್ಯವಸ್ಥೆ ಇವುಗಳ ಕಡೆ ಗಮನ ಹೋಗಬೇಕು.

ಯಾರು ಏನು ಹೇಳುತ್ತಾರೆ?

ಮಾಲ್, ಸರಪಳಿ ರೆಸ್ಟೋರೆಂಟ್ ಬರಲಿ ಎನ್ನುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಅವು ಬಂದರೆ ಹುಡುಗ-ಹುಡುಗಿಯರಿಗೆ ಪಿಎಫ್ ಇರುವ ಕೆಲಸ ಸಿಗುತ್ತದೆ. ಹೆಂಗಸರು ರಾತ್ರಿ ಒಂಬತ್ತರ ಮೇಲೂ ನಿಶ್ಚಿಂತೆಯಿಂದ ಕೂತು ಊಟ ಮಾಡಬಹುದಾದ ಜಾಗ ಸಿಗುತ್ತದೆ. ಹಳೆ ಖಾನಾವಳಿಗಳಲ್ಲಿ ಇದು ದೊಡ್ಡ ಕೊರತೆ. ಆದರೆ ಬಾಡಿಗೆ ಏರುತ್ತದೆ, ಮುಖ್ಯ ರಸ್ತೆಯ ಸಣ್ಣ ಹೋಟೆಲ್‌ಗಳು ಹಿಂದಿನ ಓಣಿಗೆ ಸರಿಯುತ್ತವೆ.

ಖಾನಾವಳಿ ನಡೆಸುವವರ ತಕರಾರು ಬೇರೆ. ಊಟದ ದರ ಸ್ವಲ್ಪ ಏರಿಸಿದರೂ ಗಿರಾಕಿ ಗೊಣಗುತ್ತಾರೆ. ಅದೇ ಗಿರಾಕಿ ಪಿಜ್ಜಾಗೆ ಅದರ ಎರಡು ಮೂರು ಪಟ್ಟು ಕೊಟ್ಟು ಸುಮ್ನೆ ಬರುತ್ತಾರೆ. ಈ ತಕರಾರು ನ್ಯಾಯವಾದದ್ದು. ರೊಟ್ಟಿ ಊಟ ಅಗ್ಗವಾಗಿಯೇ ಇರಬೇಕು ಎಂಬ ನಮ್ಮ ಹಟದ ಬೆಲೆಯನ್ನು ಕೊನೆಗೆ ಕೊಡುತ್ತಿರುವುದು ಒಲೆಯ ಮುಂದೆ ಕೂತ ಹೆಂಗಸು. ದರ ಏರದೆ ಅವರ ಕೂಲಿ ಏರದು. ಕೂಲಿ ಏರದೆ ಆ ಕೆಲಸಕ್ಕೆ ಹೊಸಬರು ಬರುವುದಿಲ್ಲ.

ಮೂರನೇ ವಾದ: ಹುಬ್ಬಳ್ಳಿ-ಧಾರವಾಡವೂ ಯುನೆಸ್ಕೊಗೆ ಅರ್ಜಿ ಹಾಕಲಿ. ಹಾಕಬಹುದು. ಆದರೆ ಹೈದರಾಬಾದ್, ಲಖನೌ ಎರಡೂ ಆಹಾರ ವಿಭಾಗದಲ್ಲಿ ಇರುವಾಗ ಮೂರನೇ ಊರು ತನ್ನ ಊಟ ಹೇಗೆ ಬೇರೆ ಎಂದು ಗಟ್ಟಿಯಾಗಿ ತೋರಿಸಬೇಕು. ಅವೆರಡೂ ನವಾಬರ, ನಿಜಾಮರ ಅಡುಗೆಮನೆಯ ಹೆಸರಲ್ಲಿ ಬೆಳೆದವು. ನಮ್ಮದು ಎರೆಹೊಲದ ಹಿಂಗಾರಿ ಜೋಳದ ಊಟ, ಒಕ್ಕಲುತನದ ಊಟ. ವಾದ ಬಲವಾಗಿಯೇ ಇದೆ. ಹಾಗೆ ನೋಡಿದರೆ ಸಂಗೀತ ವಿಭಾಗದಲ್ಲಿ ಧಾರವಾಡದ ಹಕ್ಕು ಇನ್ನೂ ದೊಡ್ಡದು. ವಾರಾಣಸಿ, ಚೆನ್ನೈ, ಗ್ವಾಲಿಯರ್ ಇರುವ ಆ ಸಾಲಿನಲ್ಲಿ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರ ಊರಿಗೆ ಜಾಗ ಇರಲೇಬೇಕಿತ್ತು.

ಮುಂದೆ ನೋಡಬೇಕಾದ್ದು

ಯುನೆಸ್ಕೊ ಎರಡು ವರ್ಷಕ್ಕೊಮ್ಮೆ ಅರ್ಜಿ ಕರೆಯುತ್ತಾ ಬಂದಿದೆ. ಆ ಲೆಕ್ಕದಲ್ಲಿ ಮುಂದಿನ ಘೋಷಣೆ 2027ಕ್ಕೆ. ಅರ್ಜಿಗೆ ಸಹಿ ಹಾಕುವವರು ಯಾರು ಎಂಬುದೇ ಇಲ್ಲಿ ಮೊದಲ ತೊಡಕು. 1962ರಿಂದ ಒಂದೇ ಆಗಿದ್ದ ಪಾಲಿಕೆಯನ್ನು ಒಡೆದು ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು ರಾಜ್ಯ ಸಚಿವ ಸಂಪುಟ 2025ರ ಜನವರಿಯಲ್ಲಿ ಒಪ್ಪಿದೆ. ಪೇಡೆ ಧಾರವಾಡದ್ದು, ದುರ್ಗದ ಬೈಲ್ ಹುಬ್ಬಳ್ಳಿಯದು, ಮೆಣಸಿನಕಾಯಿ ಹಾವೇರಿಯದು, ಭಜಿ ಗದಗಿನದು. ಊಟದ ವಿಷಯದಲ್ಲಿ ಇವು ಒಟ್ಟಿಗೆ ನಿಂತರೇ ವಾದಕ್ಕೆ ತೂಕ.

ಪಟ್ಟಿ ಬರಲಿ ಬಿಡಲಿ, ಅದಕ್ಕೂ ಮೊದಲು ಆಗಬಹುದಾದ ಕೆಲಸಗಳಿವೆ. ಕಟಕ ರೊಟ್ಟಿ ಮಾಡಿ ಮಾರುವ ಮಹಿಳಾ ಸ್ವಸಹಾಯ ಸಂಘಗಳು ಈ ಭಾಗದಲ್ಲಿ ಈಗಾಗಲೇ ಇವೆ. ಖಾನಾವಳಿಗಳ ಬಿಸಿ ರೊಟ್ಟಿ ಕೆಲಸವನ್ನೂ ಇಂಥ ಸಂಘಗಳ ಮೂಲಕ ನಿಗದಿತ ದರಕ್ಕೆ ವಹಿಸಿದರೆ ಹೆಂಗಸರು ಒಬ್ಬೊಬ್ಬರಾಗಿ ಕೂಲಿಗೆ ಚೌಕಾಸಿ ಮಾಡಬೇಕಾಗಿಲ್ಲ. ಮುಂಬೈನಲ್ಲಿ 1975ರಲ್ಲಿ ಸಾಲದ ವಿಷಯದಲ್ಲಿ ಆದದ್ದು ಇಲ್ಲಿ ಕೂಲಿಯ ವಿಷಯದಲ್ಲಿ ಆಗಬಹುದು. ಹೊಗೆ ಹೋಗುವ ಚಿಮಣಿ, ನಿಂತು ಬಡಿಯಬಹುದಾದ ಎತ್ತರದ ಕಟ್ಟೆ, ವಾರಕ್ಕೊಂದು ರಜೆ ಇವಕ್ಕೆ ಯುನೆಸ್ಕೊ ಅನುಮತಿ ಬೇಕಿಲ್ಲ. ಪಾಲಿಕೆ ಖಾನಾವಳಿಗಳ ಪರವಾನಗಿ ನವೀಕರಿಸುವಾಗಲೇ ಇವನ್ನು ಕೇಳಬಹುದು, ಮಾಡಿದವರಿಗೆ ಶುಲ್ಕದಲ್ಲಿ ರಿಯಾಯಿತಿ ಕೊಡಬಹುದು.